ಮೇಳದ ಸಂಬಳವೋ, ಅತಿಥಿ ವೇಷದ ಸಂಭಾವನೆಯೋ: ಫ್ರೀಲ್ಯಾನ್ಸ್ ಕೆಲಸಕ್ಕೆ ಪೇರೋಲ್ ಬೇಕೆ?

ಮಂಗಳೂರಿನಲ್ಲಿ ಸಾಫ್ಟ್‌ವೇರ್, ಡಿಸೈನ್, ಎಂಜಿನಿಯರಿಂಗ್ ಕೆಲಸಗಳನ್ನು ಸ್ವತಂತ್ರವಾಗಿ ಮಾಡುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ತೆರಿಗೆಯ ಲೆಕ್ಕಗಳೆಲ್ಲ 2025-26ರ ಹಣಕಾಸು ವರ್ಷದವು.

ಎಲ್ಲರಿಗೂ ನಮಸ್ಕಾರ.

ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಅಷ್ಟು ದಿನ ಮೇಳದ ಕಲಾವಿದನಿಗೆ ಸಂಬಳ ಉಂಟು, ಊಟ ಉಂಟು, ಹೋಗಿಬರಲು ಮೇಳದ ಬಸ್ಸು ಉಂಟು. ಯಾವ ರಾತ್ರಿ ಯಾವ ವೇಷ ಎನ್ನುವುದು ಮಾತ್ರ ಅವನ ಕೈಯಲ್ಲಿಲ್ಲ. ಅತಿಥಿ ಕಲಾವಿದನ ಲೆಕ್ಕ ಬೇರೆ. ಒಂದು ರಾತ್ರಿಗೆ ಇಷ್ಟು ಎಂದು ಮಾತಾಡಿ ಬರುತ್ತಾನೆ, ವೇಷ ಮುಗಿಸಿ ಬಣ್ಣ ತೆಗೆದು ಹೋಗುತ್ತಾನೆ. ಅವನ ಒಂದು ರಾತ್ರಿಯ ಸಂಭಾವನೆ ಮೇಳದವನ ಒಂದು ದಿನದ ಸಂಬಳಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಆಟವಿಲ್ಲದ ರಾತ್ರಿ, ಕಾಲು ಉಳುಕಿದ ವಾರ, ಇಡೀ ಮಳೆಗಾಲ, ಎಲ್ಲವೂ ಆ ಸಂಭಾವನೆಯೊಳಗೇ ಅಡಗಿರಬೇಕು.

ನಿಮ್ಮ ಮುಂದಿರುವುದೂ ಈ ಎರಡೇ ದಾರಿ. ಒಂದು, ನಿಮ್ಮ ಹೆಸರಿನಲ್ಲೇ ಇನ್‌ವಾಯ್ಸ್ ಬರೆದು ಕ್ಲೈಂಟ್‌ನಿಂದ ಹಣ ಪಡೆಯುವುದು. ಇನ್ನೊಂದು, ನಡುವೆ ಒಂದು ಪೇರೋಲ್ ಸಂಸ್ಥೆ ನಿಂತು ನಿಮ್ಮನ್ನು ತನ್ನ ನೌಕರರೆಂದು ದಾಖಲಿಸಿಕೊಂಡು, ಕ್ಲೈಂಟ್‌ಗೆ ತಾನು ಬಿಲ್ ಮಾಡಿ, ನಿಮಗೆ ಸಂಬಳ ಕೊಡುವುದು. ಹೊರದೇಶದ ಕಂಪನಿಗಳು ಇದನ್ನೇ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎನ್ನುತ್ತವೆ. ಇಲ್ಲಿ ಆಫೀಸು ತೆರೆಯದೆ, ಇಲ್ಲಿನ ಪಿಎಫ್ (ಭವಿಷ್ಯನಿಧಿ), ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಗೊಡವೆಗೆ ಹೋಗದೆ ಇಲ್ಲಿನವರಿಂದ ಕೆಲಸ ಮಾಡಿಸಿಕೊಳ್ಳಲು ಅವರಿಗೆ ಅದು ಅನುಕೂಲ.

ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ಎಚ್ಚರಿಕೆ. ‘ಪೇರೋಲ್’ ಎಂದು ಹೇಳಿ ಕೊಡುವುದೆಲ್ಲ ಪೇರೋಲ್ ಅಲ್ಲ. ಕೆಲವು ಕಡೆ ಆಫರ್ ಲೆಟರ್‌ನಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದು, ತಿಂಗಳಿಗೊಮ್ಮೆ ಒಂದು ಮೊತ್ತ ಹಾಕಿ, ಅದರಲ್ಲಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ನಿಜ ಗೊತ್ತಾಗುವುದು ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ. ಆ ಸಾಲಿನಲ್ಲಿ ಸೆಕ್ಷನ್ 192 ಎಂದಿದ್ದರೆ ಅದು ಸಂಬಳ. 194ಜೆ ಎಂದಿದ್ದರೆ ನೀವು ಸ್ವಂತ ವೃತ್ತಿಯವರೇ, ನಡುವಿನವರಿಗೆ ಕೊಟ್ಟ ಕಮಿಷನ್ ಮಾತ್ರ ದಂಡ. ಪಿಎಫ್ ಇಲ್ಲ, ಸಂಬಳ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಇಲ್ಲ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯೂ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್‌ಗಳ ನಂಬರು ಬದಲಾಗಿದೆ. ಆದರೂ ಆಡಿಟರ್‌ಗಳ ಬಾಯಲ್ಲಿ ಹಳೆಯ ನಂಬರುಗಳೇ ಓಡಾಡುತ್ತಿರುವುದರಿಂದ ನಾನೂ ಅವನ್ನೇ ಬಳಸುತ್ತೇನೆ.

ಈಗ ಲೆಕ್ಕ. ಭಾರತದ್ದೇ ಒಂದು ಕಂಪನಿ ನಿಮ್ಮ ಕೆಲಸಕ್ಕೆ ತಿಂಗಳಿಗೆ ಒಂದು ಲಕ್ಷ ಎತ್ತಿಟ್ಟಿದೆ ಎಂದುಕೊಳ್ಳಿ.

ಸ್ವಂತ ಇನ್‌ವಾಯ್ಸ್ ಆದರೆ ಅವರು 10,000 ಟಿಡಿಎಸ್ ಹಿಡಿದು 90,000 ಕೊಡುತ್ತಾರೆ. ವರ್ಷಕ್ಕೆ ಹನ್ನೆರಡು ಲಕ್ಷ. ನಿಮ್ಮ ವೃತ್ತಿ ಸೆಕ್ಷನ್ 44ಎಡಿಎ ಪಟ್ಟಿಯಲ್ಲಿದ್ದರೆ ಅದರ ಅರ್ಧವನ್ನು, ಅಂದರೆ ಆರು ಲಕ್ಷವನ್ನು ಆದಾಯವೆಂದು ತೋರಿಸಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ, ಉಂಟಲ್ಲ, ಹಾಗಾಗಿ ತೆರಿಗೆ ಸೊನ್ನೆ. ಹಿಡಿದ 1,20,000 ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಅದು ನಿಮ್ಮದಾದರೂ ನಿಮ್ಮ ಕೈಯಲ್ಲಿಲ್ಲ. ಮನೆ ಖರ್ಚನ್ನು 90,000ಕ್ಕೇ ಹೊಂದಿಸಬೇಕು.

ಪೇರೋಲ್ ಆದರೆ ಮೊದಲು ಸಂಸ್ಥೆಯ ಶುಲ್ಕ. ಅದು ಒಬ್ಬೊಬ್ಬರದು ಒಂದೊಂದು, ಲೆಕ್ಕಕ್ಕೆ ಶೇ. 8 ಎಂದು ಇಟ್ಟುಕೊಳ್ಳೋಣ. ಉಳಿದದ್ದು 92,000. ಇದು ಸಿಟಿಸಿ, ಅಂದರೆ ನಿಮಗಾಗಿ ಆಗುವ ಒಟ್ಟು ವೆಚ್ಚ, ಕೈಗೆ ಬರುವ ಸಂಬಳವಲ್ಲ. ಇದರಲ್ಲಿ ಮಾಲೀಕರ ಪಾಲಿನ ಪಿಎಫ್ 1,800, ಪಿಎಫ್ ಆಡಳಿತ ಶುಲ್ಕ ಮತ್ತು ವಿಮೆ 150, ಮೂಲವೇತನ 46,000 ಎಂದರೆ ಅದರ ಶೇ. 4.81ರಂತೆ ಗ್ರಾಚ್ಯುಟಿಗೆ ಸುಮಾರು 2,200 ಕಳೆಯುತ್ತಾರೆ. ಒಟ್ಟು ಸಂಬಳ ಹೆಚ್ಚುಕಡಿಮೆ 87,850ಕ್ಕೆ ನಿಲ್ಲುತ್ತದೆ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 85,850. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300. ಆದಾಯ ತೆರಿಗೆ ಇಲ್ಲೂ ಸೊನ್ನೆಯೇ, ಏಕೆಂದರೆ ವರ್ಷದ ಸಂಬಳ ಹನ್ನೆರಡು ಲಕ್ಷದೊಳಗೇ ಇದೆ, ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ ಉಂಟು.

ಈ ಮಟ್ಟದಲ್ಲಿ ಎರಡರ ನಡುವಿನ ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ತಿಂಗಳಿಗೆ 3,600 ಪಿಎಫ್ ಖಾತೆಗೆ ಬೀಳುತ್ತಿದೆ, ಗ್ರಾಚ್ಯುಟಿ ಸೇರುತ್ತಿದೆ, ಗುಂಪು ಆರೋಗ್ಯ ವಿಮೆ ಇದ್ದರೆ ಅದೂ ಉಂಟು. ನಿಜವಾಗಿ ಕಳೆದುಕೊಂಡದ್ದು ಶುಲ್ಕದ 8,000. ಆ ಎಂಟು ಸಾವಿರಕ್ಕೆ ಪ್ರತಿ ತಿಂಗಳು ಹೇಳಿದ ದಿನ ಸಂಬಳ ಬರುತ್ತದೆಯೆ, ರಜೆ ಸಿಗುತ್ತದೆಯೆ, ಅದನ್ನು ನೋಡಿ.

ಮೊತ್ತ ದುಪ್ಪಟ್ಟಾದರೆ ಚಿತ್ರವೇ ಬದಲಾಗುತ್ತದೆ. ತಿಂಗಳಿಗೆ ಎರಡು ಲಕ್ಷ, ವರ್ಷಕ್ಕೆ 24 ಲಕ್ಷ. ಸ್ವಂತ ವೃತ್ತಿಯಲ್ಲಿ 44ಎಡಿಎ ಪ್ರಕಾರ ಅರ್ಧ ಹನ್ನೆರಡು ಲಕ್ಷ, ತೆರಿಗೆ ಸೊನ್ನೆ. ಪೇರೋಲ್‌ನಲ್ಲಿ ಶೇ. 8 ಶುಲ್ಕವೇ 1.92 ಲಕ್ಷ. ಉಳಿದದ್ದರಲ್ಲಿ ಮಾಲೀಕರ ಪಿಎಫ್, ಗ್ರಾಚ್ಯುಟಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೂ ತೆರಿಗೆ ಬೀಳುವ ಆದಾಯ 20.5 ಲಕ್ಷ ದಾಟುತ್ತದೆ, ಸೆಸ್ ಸೇರಿ ತೆರಿಗೆ ಸುಮಾರು 2.22 ಲಕ್ಷ. ಎರಡೂ ಕೂಡಿದರೆ ವರ್ಷಕ್ಕೆ ನಾಲ್ಕು ಲಕ್ಷದ ಮೇಲೆ. ಪೇರೋಲ್‌ನಲ್ಲೇ ಇರಬೇಕಾದವರು ಒಂದು ಕೆಲಸ ಮಾಡಬಹುದು: ಸಿಟಿಸಿಯೊಳಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಮಾಲೀಕರ ಪಾಲನ್ನು ಕೇಳಿ ಹಾಕಿಸಿಕೊಳ್ಳಿ. ಹೊಸ ಪದ್ಧತಿಯಲ್ಲಿ ಮೂಲವೇತನದ ಶೇ. 14ರವರೆಗೆ ಅದಕ್ಕೆ ವಿನಾಯಿತಿ ಉಂಟು. ಈ ಲೆಕ್ಕದಲ್ಲಿ ಸುಮಾರು 35,000 ತೆರಿಗೆ ಉಳಿಯುತ್ತದೆ. ಸ್ವಂತ ವೃತ್ತಿಯವರು ತಾವೇ ಕಟ್ಟುವ ಎನ್‌ಪಿಎಸ್‌ಗೆ ಹೊಸ ಪದ್ಧತಿಯಲ್ಲಿ ವಿನಾಯಿತಿ ಇಲ್ಲ.

24 ಲಕ್ಷಕ್ಕೆ ಸೊನ್ನೆ ತೆರಿಗೆ ಎಂದ ಕೂಡಲೇ ಮುಖ ಅರಳುವುದು ಸಹಜ. ಆದರೆ ಬ್ಯಾಂಕಿನ ಎಫ್‌ಡಿ ಬಡ್ಡಿ 20,000 ಸೇರಿ ಆದಾಯ 12.2 ಲಕ್ಷವಾದರೆ ರಿಬೇಟ್ ಹೋಯಿತು. ಅಂಚಿನ ರಿಯಾಯಿತಿ ಇರುವುದರಿಂದ ಪೂರ್ತಿ ತೆರಿಗೆ ಬೀಳುವುದಿಲ್ಲ, ಆದರೆ ಮೇಲೆ ಬಂದ 20,000 ಅಷ್ಟೂ ತೆರಿಗೆಗೇ ಹೋಗುತ್ತದೆ. ಇನ್ನೊಂದು, 44ಎಡಿಎ ಎಲ್ಲರಿಗೂ ಅಲ್ಲ. ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಲೆಕ್ಕಪತ್ರ, ವೈದ್ಯಕೀಯ, ಕಾನೂನು, ತಾಂತ್ರಿಕ ಸಲಹೆ, ಇಂಟೀರಿಯರ್, ಮಾಹಿತಿ ತಂತ್ರಜ್ಞಾನ ಆ ಪಟ್ಟಿಯಲ್ಲಿವೆ. ಅನುವಾದ, ಕಂಟೆಂಟ್ ಬರವಣಿಗೆ ಹೆಸರಿಟ್ಟು ಇಲ್ಲ. ಅಂಥವರು ರಿಟರ್ನ್ ತುಂಬುವ ಮುಂಚೆ ಆಡಿಟರ್ ಹತ್ತಿರ ಕೂರಬೇಕು, ತುಂಬಿದ ಮೇಲಲ್ಲ. ಒಟ್ಟು ಸ್ವೀಕೃತಿಯ ಮಿತಿ 50 ಲಕ್ಷ. ನಗದಾಗಿ ಬಂದದ್ದು ಶೇ. 5 ಮೀರದಿದ್ದರೆ 75 ಲಕ್ಷ. ನಿಜವಾದ ಖರ್ಚು ಅರ್ಧಕ್ಕಿಂತ ಹೆಚ್ಚೆಂದು ತೋರಿಸಬೇಕಾದರೆ ಲೆಕ್ಕದ ಪುಸ್ತಕ ಇಡಬೇಕು, ಆದಾಯ ಮೂಲ ಮಿತಿ ದಾಟಿದ್ದರೆ ಆಡಿಟ್ ಮಾಡಿಸಬೇಕು. ಈ ಸೆಕ್ಷನ್‌ನಲ್ಲಿದ್ದು ತೆರಿಗೆ ಬಾಕಿ ಬರುವವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಬೇಕಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು.

ಜಿಎಸ್‌ಟಿಗೆ ಬರೋಣ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ. ಕ್ಲೈಂಟ್ ಮುಂಬಯಿಯವರು, ಅಂದರೆ ಹೊರರಾಜ್ಯದವರು ಎಂಬ ಕಾರಣಕ್ಕೇ ಸೇವೆಗೆ ನೋಂದಣಿ ಕಡ್ಡಾಯವಾಗುವುದಿಲ್ಲ. ಈ ತಪ್ಪು ಕಲ್ಪನೆಯಿಂದ ಎಂಟು ಲಕ್ಷದವರೂ ನೋಂದಣಿ ಮಾಡಿಸಿಕೊಂಡು, ರಿಟರ್ನ್ ಮರೆತು, ದಿನಕ್ಕೆ 50 ರೂಪಾಯಿಯಂತೆ ತಡ ಶುಲ್ಕ ಕಟ್ಟುತ್ತಾರೆ. ಏನೂ ವ್ಯವಹಾರವಿಲ್ಲದ ತಿಂಗಳಲ್ಲೂ ದಿನಕ್ಕೆ 20. ಮಿತಿಯೊಳಗಿದ್ದು ಕ್ಲೈಂಟ್ ಒತ್ತಾಯಿಸದಿದ್ದರೆ ಸುಮ್ಮನಿರುವುದೇ ಲೇಸು.

ಆದರೆ 20 ಲಕ್ಷದ ಲೆಕ್ಕದಲ್ಲಿ ಹೊರದೇಶದಿಂದ ಬಂದ ಹಣವೂ ಸೇರುತ್ತದೆ. ‘ರಫ್ತಿಗೆ ಜಿಎಸ್‌ಟಿ ಇಲ್ಲವಲ್ಲ’ ಎಂದು ಕೂತವರು ಇಲ್ಲಿ ಎಡವುತ್ತಾರೆ. ರಫ್ತು ಶೂನ್ಯ ದರದ್ದು ನಿಜ, ನೋಂದಣಿ ಬೇಡ ಎಂದು ಅರ್ಥವಲ್ಲ. ನೋಂದಣಿ ಆದ ಮೇಲೆ ಪ್ರತಿ ಹಣಕಾಸು ವರ್ಷದ ಆರಂಭದಲ್ಲೇ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ತುಂಬಿ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆ, ಪಡೆಯಬೇಕು. ಅದು ಮಾರ್ಚ್ 31ಕ್ಕೆ ಸಾಯುತ್ತದೆ, ಏಪ್ರಿಲ್ 1ಕ್ಕೆ ಹೊಸದು ಬೇಕು. ಎಲ್‌ಯುಟಿ ಇಲ್ಲದೆ ಇನ್‌ವಾಯ್ಸ್ ಕಳಿಸಿದರೆ ಶೇ. 18 ಕಟ್ಟಿ ಆಮೇಲೆ ಮರುಪಾವತಿಗೆ ಅಲೆಯುವ ಕೆಲಸ. ಹಣ ಬಂದಾಗ ಬ್ಯಾಂಕಿನಿಂದ ವಿದೇಶಿ ಹಣ ಬಂದ ಪತ್ರ ಪಡೆದು, ಇನ್‌ವಾಯ್ಸ್ ನಂಬರಿನ ಜೊತೆ ಇಟ್ಟುಕೊಳ್ಳಿ. ಬ್ಯಾಂಕು ಪರ್ಪಸ್ ಕೋಡ್, ಅಂದರೆ ಹಣ ಯಾವುದಕ್ಕೆ ಬಂತು ಎಂಬ ಸಂಕೇತ, ಕೇಳಿದಾಗ ಮನೆ ಖರ್ಚಿನ ಕೋಡ್ ಹೇಳಬೇಡಿ. ಸಾಫ್ಟ್‌ವೇರ್ ಸಲಹೆ, ಅಳವಡಿಕೆಗೆ ಪಿ0802 ಇದೆ. ಜಿಎಸ್‌ಟಿ ನೋಂದಣಿ ಇರುವವರು ವಿದೇಶಿ ಸಾಫ್ಟ್‌ವೇರ್, ಹೋಸ್ಟಿಂಗ್ ಚಂದಾ ಕಟ್ಟಿದರೆ ಅದಕ್ಕೆ ರಿವರ್ಸ್ ಚಾರ್ಜ್ ತೆರಿಗೆ ತಾವೇ ಕಟ್ಟಬೇಕು. ನೋಟಿಸ್ ಬಂದಾಗಲೇ ಹೆಚ್ಚಿನವರಿಗೆ ಇದು ತಿಳಿಯುವುದು. ಅಮೆರಿಕದ ಕ್ಲೈಂಟ್ ತೆರಿಗೆ ಹಿಡಿಯುತ್ತೇನೆ ಎಂದರೆ ಗಾಬರಿ ಬೇಡ. ನೀವು ಅಮೆರಿಕದವರಲ್ಲ ಎಂದು ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ತುಂಬಿ ಕೊಡಿ. ಮಂಗಳೂರಿನಲ್ಲಿ ಕೂತು ಮಾಡಿದ ಕೆಲಸಕ್ಕೆ ಅಲ್ಲಿ ತೆರಿಗೆ ಹಿಡಿಯಬೇಕಿಲ್ಲ.

ಇನ್ನು ನನಗೆ ಮುಖ್ಯವೆನಿಸುವ ವಿಚಾರ. ಇಲ್ಲಿಯವರೆಗೆ ‘ಯಾವುದು ಲಾಭ’ ಎಂದು ನೋಡಿದೆವು. ‘ಯಾವುದು ನಿಜ’ ಎಂಬ ಪ್ರಶ್ನೆ ಬೇರೆಯೇ. ಒಬ್ಬರೇ ಕ್ಲೈಂಟ್, ಬೆಳಿಗ್ಗೆ ಒಂಬತ್ತೂವರೆಗೆ ಲಾಗಿನ್, ರಜೆಗೆ ಅನುಮತಿ, ಅವರದೇ ಲ್ಯಾಪ್‌ಟಾಪ್, ಬೇರೆಯವರ ಕೆಲಸ ಮಾಡಬಾರದೆಂಬ ಷರತ್ತು. ಇಷ್ಟಿದ್ದೂ ತಿಂಗಳ ಕೊನೆಗೆ ಇನ್‌ವಾಯ್ಸ್ ಬರೆದರೆ, ಮೇಳದ ಬಸ್ಸಿನಲ್ಲೇ ದಿನಾ ಹೋಗಿಬಂದು ಅತಿಥಿ ಕಲಾವಿದ ಎಂದು ಹೇಳಿಕೊಂಡ ಹಾಗಾಯಿತು, ಮಾರಾಯ್ರೆ.

ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸತಲ್ಲ. ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು ನೌಕರರೋ ಅಲ್ಲವೋ ಎಂಬ ಜಗಳ ದಶಕಗಳ ಕಾಲ ನಡೆಯಿತು. ಎಲೆ, ತಂಬಾಕು ಪಡೆದು ಮನೆಯಲ್ಲೇ ಕಟ್ಟುತ್ತಾರೆ, ಹೊತ್ತು ಅವರದು, ಸಾವಿರಕ್ಕೆ ಇಷ್ಟು ಎಂದು ಕೂಲಿ. ನೋಡಿದರೆ ಶುದ್ಧ ಫ್ರೀಲ್ಯಾನ್ಸ್. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅವರನ್ನೂ ನೌಕರರ ಸಾಲಿಗೆ ಸೇರಿಸಿತು. ಅದನ್ನು ಪ್ರಶ್ನಿಸಿದ ಮ್ಯಾಂಗಲೋರ್ ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರೂ ಪಿಎಫ್ ಕಾಯ್ದೆಯ ಅಡಿ ನೌಕರರೇ ಎಂದಿತು. ಕಟ್ಟಿದ ಬೀಡಿ ಸರಿಯಿಲ್ಲವೆಂದು ಎತ್ತಿ ಹಾಕುವ ಹಕ್ಕು ಯಾರ ಕೈಯಲ್ಲಿದೆಯೋ ಹಿಡಿತವೂ ಅವರ ಕೈಯಲ್ಲಿ ಎಂಬುದು ಅಲ್ಲಿನ ತರ್ಕ. 1973ರ ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲೂ ಹೊಲಿಗೆಯಂತ್ರ ಅಂಗಡಿಯವರದು, ಹೊಲಿದದ್ದು ಸರಿಯಿಲ್ಲದಿದ್ದರೆ ಮತ್ತೆ ಹೊಲಿಸುವ ಹಕ್ಕೂ ಅವರದು ಎಂಬುದನ್ನು ನೋಡಿ, ಪೀಸ್ ಲೆಕ್ಕದ ಟೈಲರ್‌ಗಳನ್ನು ನೌಕರರೆಂದೇ ಪರಿಗಣಿಸಿದರು.

ಹಾಗಾಗಿ ಒಪ್ಪಂದದ ತಲೆಬರಹ ನೋಡಿ ಸಮಾಧಾನಪಡಬೇಡಿ. ಕೆಲಸದ ವೇಳೆ ಯಾರದು, ಉಪಕರಣ ಯಾರದು, ನಿಮ್ಮ ಬದಲು ಇನ್ನೊಬ್ಬರನ್ನು ಕಳಿಸಬಹುದೋ, ಬೇರೆ ಕ್ಲೈಂಟ್ ಇಟ್ಟುಕೊಳ್ಳಬಹುದೋ, ಕೆಲಸ ಕೆಟ್ಟರೆ ನಷ್ಟ ಯಾರ ತಲೆಗೆ, ಇವನ್ನು ಕೇಳಿಕೊಳ್ಳಿ. ಎಲ್ಲಕ್ಕೂ ಉತ್ತರ ‘ಕಂಪನಿಯದು’ ಎಂದಾದರೆ ಶುಲ್ಕ ಕೊಟ್ಟಾದರೂ ಪೇರೋಲ್ ಕೇಳುವುದೇ ಸರಿ. ಇಲ್ಲದಿದ್ದರೆ ಸಂಬಳವನ್ನೇ ವೃತ್ತಿ ಆದಾಯವೆಂದು ತೋರಿಸಿ ಅರ್ಧ ಕಳೆದಿದ್ದೀರಿ ಎಂಬ ತಕರಾರು ಆದಾಯ ತೆರಿಗೆ ಇಲಾಖೆಯಿಂದ ಬರಬಹುದು. ಆಗ ಕಂಪನಿಯವರು ಪಕ್ಕದಲ್ಲಿ ನಿಲ್ಲುವುದಿಲ್ಲ.

ಹಕ್ಕುಸ್ವಾಮ್ಯವೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. 1957ರ ಕಾಯ್ದೆಯಂತೆ ಬೇರೆ ಒಪ್ಪಂದವಿಲ್ಲದಿದ್ದರೆ ನೌಕರಿಯ ಭಾಗವಾಗಿ ಬರೆದ ಕೋಡ್ ಮಾಲೀಕರದು, ಸ್ವತಂತ್ರವಾಗಿ ಬರೆದದ್ದು ಬರೆದವರದು. ಹಕ್ಕನ್ನು ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಅರ್ಥ ಮಾಡಿಕೊಳ್ಳುತ್ತದೆ. ಸ್ವತಂತ್ರರಾಗಿದ್ದರೆ ‘ಪೂರ್ತಿ ಹಣ ಸಂದ ಮೇಲೆ ಹಕ್ಕು ವರ್ಗಾವಣೆ’ ಎಂಬ ಒಂದು ಸಾಲು ಹಾಕಿಸಿ. ವಸೂಲಿಗೆ ಅಷ್ಟು ಗಟ್ಟಿ ಸಾಲು ಇನ್ನೊಂದಿಲ್ಲ.

ವಸೂಲಿಯ ಮಾತು ಬಂದದ್ದರಿಂದ ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ಆಧಾರ್, ಪ್ಯಾನ್ ಬೇಕು, ಶುಲ್ಕವಿಲ್ಲ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ನೋಂದಣಿ ಇರುವ ಸಣ್ಣ ಸೇವಾದಾರರಿಗೆ ಭಾರತದ ಕ್ಲೈಂಟ್ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಬರಹದ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆ ಖರ್ಚನ್ನು ಕ್ಲೈಂಟ್ ತನ್ನ ತೆರಿಗೆಯಲ್ಲಿ ಕಳೆಯುವುದಕ್ಕೂ ತೊಡಕಾಗುತ್ತದೆ. ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗ ಇದಕ್ಕೆ ಹೆದರುವಷ್ಟು ನಿಮ್ಮ ನೆನಪೋಲೆಗೆ ಹೆದರುವುದಿಲ್ಲ. ನೋಂದಣಿ ಇನ್‌ವಾಯ್ಸ್‌ಗೆ ಮುಂಚೆಯೇ ಇರಲಿ. ಹಣ ಸಿಕ್ಕಿಬಿದ್ದ ಮೇಲೆ ಓಡಿ ಮಾಡಿಸಿದ ನೋಂದಣಿಯ ಮೇಲೆ ತಕರಾರು ಏಳುತ್ತದೆ. ವೃತ್ತಿ ತೆರಿಗೆಯನ್ನೂ ಮರೆಯಬೇಡಿ. ಪಟ್ಟಿಯಲ್ಲಿರುವ ಸ್ವಂತ ವೃತ್ತಿಯವರು ಎನ್‌ರೋಲ್‌ಮೆಂಟ್ ಮಾಡಿಸಿ ವರ್ಷಕ್ಕೆ 2,500 ತಾವೇ ಕಟ್ಟಬೇಕು.

ಮನೆ ಸಾಲ ಬೇಕೆನ್ನುವವರಿಗೆ ಒಂದು ಮಾತು. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದ ಕರಾವಳಿ ನಮ್ಮದು. ಆದರೂ ಸಾಲದ ಮೇಜಿನ ಮುಂದೆ ಕೂತಾಗ ಸ್ಯಾಲರಿ ಸ್ಲಿಪ್‌ಗೆ ಇರುವ ತೂಕ ಇನ್‌ವಾಯ್ಸ್‌ಗೆ ಇಲ್ಲ. ಸಂಬಳದವರಿಗೆ ಕೆಲವು ತಿಂಗಳ ಸ್ಲಿಪ್, ಫಾರ್ಮ್ 16 ಇದ್ದರೆ ಮಾತು ಮುಂದೆ ಹೋಗುತ್ತದೆ. ಸ್ವಂತ ವೃತ್ತಿಯವರಿಗೆ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ, ಅದರಲ್ಲಿ ನೋಡುವುದು ನೀವು ತೋರಿಸಿದ ಆದಾಯವನ್ನು. 24 ಲಕ್ಷ ಬಂದು 12 ಲಕ್ಷ ತೋರಿಸಿದವರಿಗೆ ಸಾಲದ ಅರ್ಹತೆಯೂ ಹನ್ನೆರಡರ ಮೇಲೆಯೇ ನಿಲ್ಲುತ್ತದೆ. 44ಎಡಿಎಯಲ್ಲಿ ಅರ್ಧಕ್ಕಿಂತ ಹೆಚ್ಚು ತೋರಿಸಲು ಅಡ್ಡಿಯಿಲ್ಲ. ಎರಡು ವರ್ಷದಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆ ಇದ್ದರೆ ಈಗಿನಿಂದಲೇ ಹೆಚ್ಚು ತೋರಿಸಿ ತೆರಿಗೆ ಕಟ್ಟುವುದು, ಇಲ್ಲವೆ ಅಷ್ಟು ಕಾಲ ಪೇರೋಲ್‌ನಲ್ಲಿರುವುದು, ಎರಡರಲ್ಲೊಂದು ಆಗಬೇಕು.

ಸ್ವತಂತ್ರವಾಗಿ ದರ ಹೇಳುವವರು ಸಂಬಳವನ್ನು 12ರಿಂದ, 30ರಿಂದ ಭಾಗಿಸಿ ಹೇಳಿದರೆ ಮುಳುಗಿದರು ಎಂದೇ ಲೆಕ್ಕ. ವರ್ಷಕ್ಕೆ ಹನ್ನೆರಡು ಲಕ್ಷ ಉಳಿಯಬೇಕು ಎಂದಿಟ್ಟುಕೊಳ್ಳಿ. ಆರೋಗ್ಯ ಮತ್ತು ಅಪಘಾತ ವಿಮೆ 30,000, ಲ್ಯಾಪ್‌ಟಾಪಿನ ಸವಕಳಿ 30,000, ಇಂಟರ್‌ನೆಟ್, ಸಾಫ್ಟ್‌ವೇರ್, ಇನ್ವರ್ಟರ್‌ಗೆ 60,000, ನಿವೃತ್ತಿಗೆ 1,44,000, ಆಡಿಟರ್‌ಗೆ 16,000. ಮಳೆಗಾಲದಲ್ಲಿ ಮೆಸ್ಕಾಂ ಕರೆಂಟನ್ನು ನಂಬಿ ಡೆಡ್‌ಲೈನ್ ಕೊಡುವವರು ಇನ್ವರ್ಟರ್ ಬೇಡವೆನ್ನಬಹುದು. ಒಟ್ಟು 14.8 ಲಕ್ಷ. ಬಿಲ್ ಮಾಡಲು ಸಿಗುವ ದಿನ ವಾರದ ರಜೆ, ಹಬ್ಬ, ಜ್ವರ, ಹೊಸ ಕ್ಲೈಂಟ್ ಹುಡುಕಾಟ ಕಳೆದರೆ 180. ದಿನಕ್ಕೆ ಸುಮಾರು 8,200. ಸಂಬಳದವರ ಹನ್ನೆರಡು ಲಕ್ಷವನ್ನು 240 ಕೆಲಸದ ದಿನಕ್ಕೆ ಹಂಚಿದರೆ 5,000. ಇವು ಉದಾಹರಣೆಯ ಅಂಕಿಗಳು, ನಿಮ್ಮವನ್ನು ಹಾಕಿಕೊಳ್ಳಿ.

ಪೇರೋಲ್ ಒಪ್ಪಂದಕ್ಕೆ ಸಹಿ ಹಾಕುವವರು ಇಷ್ಟನ್ನು ನೋಡಿಕೊಳ್ಳಿ. ‘ಕ್ಲೈಂಟ್ ಹಣ ಕೊಟ್ಟ ಮೇಲೆ ಸಂಬಳ’ ಎಂಬ ಸಾಲು ಇದ್ದರೆ ತೆಗೆಸಿ. ಶುಲ್ಕ ಕೊಡುವುದೇ ಆ ಅನಿಶ್ಚಿತತೆ ಇರಬಾರದೆಂದು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಕೆಲಸ ಬಿಟ್ಟರೆ ಬಾಕಿ ವೇತನ ಎರಡು ಕೆಲಸದ ದಿನಗಳಲ್ಲಿ ಇತ್ಯರ್ಥವಾಗಬೇಕು. ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಹನ್ನೊಂದು ತಿಂಗಳ ಒಪ್ಪಂದಗಳು ಏಕೆ ಅಷ್ಟೊಂದು ಕಾಣುತ್ತವೆ ಎಂದು ಯೋಚಿಸಿ. ಸಿಟಿಸಿಯಲ್ಲಿ ಕಳೆದ ಗ್ರಾಚ್ಯುಟಿ ಒಂದು ವರ್ಷ ತುಂಬದಿದ್ದರೆ ಯಾರಿಗೆ ಎಂದು ಬರಹದಲ್ಲಿ ಕೇಳಿ. ಪಿಎಫ್ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸ್ಲಿಪ್‌ನಲ್ಲಿ ಕಳೆದದ್ದು ಖಾತೆಗೆ ಬಿದ್ದಿದೆಯೇ ಎಂದು ಯುಎಎನ್ (ಪಿಎಫ್ ಸದಸ್ಯ ಸಂಖ್ಯೆ) ಪಾಸ್‌ಬುಕ್‌ನಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ನೋಡಿ. ಮೊದಲ ಸಲ ಕೆಲಸಕ್ಕೆ ಸೇರುವವರ ಪಿಎಫ್ ವೇತನ 15,000 ಮೀರಿದ್ದರೆ ಪಿಎಫ್ ಕಡ್ಡಾಯವಲ್ಲ, ಬೇಕೆಂದು ಕೇಳಬೇಕಾದವರು ನೀವೇ. ಮತ್ತೆ, ಬೇರೆ ಕೆಲಸ ಮಾಡಬಾರದೆಂಬ ಷರತ್ತು. ಪೇರೋಲ್‌ನ ನಿಯಮಿತ ಸಂಬಳದ ಜೊತೆಗೆ ಶನಿವಾರ ಭಾನುವಾರದ ಸಣ್ಣ ಪ್ರಾಜೆಕ್ಟ್ ಮಾಡುವವರು ಆ ಸಾಲನ್ನು ಹೊಡೆದುಹಾಕಿಸದೆ ಸಹಿ ಮಾಡಬಾರದು.

ವರ್ಷದ ನಡುವೆ ಪೇರೋಲ್ ಬಿಟ್ಟು ಸ್ವತಂತ್ರರಾಗುವವರ ರಿಟರ್ನ್‌ನಲ್ಲಿ ಸಂಬಳ, ವೃತ್ತಿ ಎರಡೂ ಬರುತ್ತವೆ. 44ಎಡಿಎ ಆಯ್ದು ಒಟ್ಟು ಆದಾಯ 50 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ಐಟಿಆರ್-4 ಸಾಕಾಗುತ್ತದೆ. ಸಂಬಳದವರು ಹಳೆ, ಹೊಸ ಪದ್ಧತಿಗಳ ನಡುವೆ ಪ್ರತಿ ವರ್ಷ ಬದಲಾಯಿಸಬಹುದು. ವೃತ್ತಿ ಆದಾಯ ಇರುವವರು ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ ಮತ್ತೆ ಹಳೆಯದಕ್ಕೆ ಹೋಗುವ ಬಾಗಿಲು ಆ ವೃತ್ತಿ ಇರುವವರೆಗೆ ಮುಚ್ಚಿದಂತೆ. ಪಿಎಫ್ ಹಣವನ್ನು ಸಿಕ್ಕಿತೆಂದು ತೆಗೆಯಬೇಡಿ. ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯ ಸದಸ್ಯರಾಗಿದ್ದವರಿಗೆ ಪಿಂಚಣಿ ಸಿಗಲು ಹತ್ತು ವರ್ಷದ ಸೇವೆ ಕೂಡಬೇಕು. ನಡುವೆ ಬಿಡುವಿದ್ದರೂ ಸ್ಕೀಮ್ ಸರ್ಟಿಫಿಕೇಟ್ ಇಟ್ಟುಕೊಂಡರೆ ಹಿಂದಿನ ವರ್ಷಗಳು ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತವೆ. ಅರ್ಜಿ ಫಾರ್ಮ್ 10ಸಿ. ಅದರಲ್ಲಿ ‘ಹಿಂಪಡೆತ’ದ ಮುಂದೆ ಗುರುತು ಹಾಕಬೇಡಿ, ‘ಸರ್ಟಿಫಿಕೇಟ್’ನ ಮುಂದೆ ಹಾಕಿ.